ಕೆಂಪು ಟಿಕಳಿಯ ಕೆಳಗಿದ್ದದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಗ್ಗಿಸಿ ಹೇಳುವ ಚಟವಿದೆ. ಕಾಲೇಜಿನಲ್ಲಿ ಗೆಳೆಯರು ನನ್ನ ಮಾತು ಕೇಳಿ ಅದರಲ್ಲಿ ಅರ್ಧ ಕಳೆದು, ಉಳಿದದ್ದರಲ್ಲಿ ಮತ್ತೆ ಅರ್ಧ ಕಳೆದು ನಂಬುತ್ತಾರೆ. ನಾಯಿ ಅಟ್ಟಿಸಿಕೊಂಡು ಬಂತು ಎಂದರೆ, ಎಲ್ಲೋ ಒಂದು ನಾಯಿ ಮಲಗಿತ್ತು ಎಂಬಷ್ಟನ್ನು ಒಪ್ಪಿಕೊಳ್ಳುತ್ತಾರೆ. ಆದರೆ ಈಗ ಹೇಳಲಿರುವುದನ್ನು ಹಿಗ್ಗಿಸುವ ಅಗತ್ಯವೇ ಬೀಳಲಿಲ್ಲ. ನನ್ನ ಮಾನ ತಾನಾಗಿಯೇ ಅಷ್ಟು ಅಗಲಕ್ಕೆ ಹರಿದುಕೊಂಡಿತು.

ಕೊಪ್ಪಳದಲ್ಲಿ ನಮ್ಮ ಮನೆಯ ಪಡಸಾಲೆಯೇ ಅವ್ವನ ಅಂಗಡಿ. ಅವ್ವ ಹೆಣ್ಣುಮಕ್ಕಳ ಬ್ಲೌಸು ಹೊಲಿಯುತ್ತಾಳೆ. ಅಪ್ಪ ಗಂಗಾವತಿಯಿಂದ ಅಕ್ಕಿ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಏಳೆಂಟು ದಿನ ಮನೆಯಲ್ಲಿ ಕಂಡರೆ ಹೆಚ್ಚು. ಹೀಗಾಗಿ ಮನೆಯಲ್ಲಿ ಸದಾ ಓಡುವುದು ಅವ್ವನ ಹೊಲಿಗೆ ಮಷಿನ್ ಒಂದೇ. ಅವಳ ಕೊರಳಲ್ಲಿ ಅಳತೆಯ ಟೇಪು ತಾಳಿಯಷ್ಟೇ ಕಾಯಂ. ಒಮ್ಮೆ ಅದನ್ನು ತೆಗೆಯಲು ಮರೆತು ಮದುವೆಯ ಊಟಕ್ಕೆ ಕುಳಿತಿದ್ದಳು. ಬಡಿಸುವವನು, ಈ ಹೆಣ್ಣುಮಗಳು ಹೋಳಿಗೆ ಅಳೆದು ನೋಡುತ್ತಾಳೇನೋ ಎಂದು ಹೆದರಿ ಎರಡು ಹೆಚ್ಚಿಗೆ ಹಾಕಿ ಹೋದ. ಹೋಳಿಗೆ ಎರಡು ಬಿದ್ದದ್ದು ನಿಜ. ಹೆದರಿದ್ದು ನಾನು ಸೇರಿಸಿದ್ದು.

ಪಡಸಾಲೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ಬಸ್ ಸ್ಟ್ಯಾಂಡಿನ ಹತ್ತಿರ ಮುಚ್ಚಿಹೋದ ಟೈಪಿಂಗ್ ಅಂಗಡಿಯೊಂದರಿಂದ ಅಪ್ಪ ತಂದದ್ದು. ಅದಕ್ಕೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಆದರೆ ಅದು ನನಗಿಂತ ಮೊದಲೇ ಮುದಿಯಾಗಿದೆ. ಗುಂಡಿ ಒತ್ತಿದರೆ ಗಂಗಾವತಿಯ ಅಕ್ಕಿ ಗಿರಣಿಯೊಂದು ಎದ್ದು ಬಂದು ನಮ್ಮ ಪಡಸಾಲೆಯಲ್ಲಿ ಕುಳಿತಂತೆ ಸದ್ದು ಮಾಡುತ್ತದೆ. ಪೂರ್ತಿ ಚಾಲೂ ಆಗುವಷ್ಟರಲ್ಲಿ ಅವ್ವ ಒಲೆಯ ಮೇಲೆ ಚಹಾ ಇಟ್ಟು, ಕುದಿಸಿ, ಸೋಸಿ ತಂದುಬಿಡುತ್ತಾಳೆ. ಆದರೂ ಅವಳಿಗೆ ಅದರ ಮೇಲೆ ಭಾರೀ ಪ್ರೀತಿ. ಏಕೆಂದರೆ ಅವಳು ಇಷ್ಟು ವರ್ಷ ಹೊಲಿದ ಒಂದೊಂದು ಬ್ಲೌಸಿನ ಫೋಟೋ ಅದರಲ್ಲಿದೆ. ಹೊಲಿದು ಮುಗಿದ ಮೇಲೆ ಬ್ಲೌಸನ್ನು ಹ್ಯಾಂಗರಿಗೆ ತೂಗುಹಾಕಿ ಮುಂದೊಂದು, ಬೆನ್ನಿಗೊಂದು ಫೋಟೋ ತೆಗೆಯುವುದು ಅವಳ ಪದ್ಧತಿ. ಹೊಸ ಗಿರಾಕಿ ಬಂದರೆ ಕುರ್ಚಿ ಹಾಕಿ ಕೂರಿಸಿ, ಕಂಪ್ಯೂಟರ್ ಹಚ್ಚಿ, ಒಂದೊಂದನ್ನೇ ತೋರಿಸುತ್ತಾಳೆ. ನಮ್ಮ ಓಣಿಯಲ್ಲಿ ಹೊಲಿಯುವವರು ಮೂವರಿದ್ದಾರೆ. ಕಂಪ್ಯೂಟರಿನಲ್ಲಿ ಡಿಸೈನ್ ತೋರಿಸುವವಳು ಅವ್ವ ಒಬ್ಬಳೇ.

ಅವ್ವನಿಗೆ ಓದಲು ಬರುತ್ತದೆ. ಆದರೆ ಪರದೆಯ ಮೇಲಿನ ಇರುವೆಯಂಥ ಅಕ್ಷರ ಕಾಣುವುದಿಲ್ಲ, ಗಿರಾಕಿಗಳ ಎದುರು ಚಾಳೀಸು ಹಾಕಿಕೊಳ್ಳಲು ಅವಳಿಗೆ ಮನಸ್ಸಿಲ್ಲ. ಅದಕ್ಕೆ ಅವಳೇ ಒಂದು ಉಪಾಯ ಮಾಡಿದಳು. ಹಣೆಗೆ ಅಂಟಿಸುವ ಟಿಕಳಿ ಇರುತ್ತದಲ್ಲ, ಅದನ್ನು ಪರದೆಯ ಗಾಜಿನ ಮೇಲೆ ಅಂಟಿಸಿದಳು. ಎಡಗಡೆ ಕೆಂಪು ಟಿಕಳಿ, ಅದರ ಕೆಳಗೆ ಡಿಸೈನುಗಳ ಫೋಲ್ಡರ್. ಬಲಗಡೆ ಮೇಲಿನ ಮೂಲೆಯಲ್ಲಿ ಹಸಿರು ಟಿಕಳಿ, ಮುಚ್ಚುವುದಕ್ಕೆ. ಬಾಣದ ಗುರುತನ್ನು ಟಿಕಳಿಯ ಕೆಳಗೆ ತಂದು ಎರಡು ಸಲ ಟಕಟಕ ಅನಿಸಿದರೆ ಮುಗಿಯಿತು. ಪರದೆಯ ತುಂಬ ಹುಲಿಗೆಮ್ಮ ದೇವಿಯ ಚಿತ್ರ, ಮೇಲೆ ಎರಡು ಟಿಕಳಿ. ಮಂಗಳವಾರ ಊದಿನಕಡ್ಡಿಯನ್ನೂ ಬೆಳಗುತ್ತಿದ್ದಳು. ನಮ್ಮ ಕಂಪ್ಯೂಟರಿನಷ್ಟು ಮುತ್ತೈದೆಯಾದ ಕಂಪ್ಯೂಟರ್ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ನಾನು ಕಾಲೇಜಿನಲ್ಲಿ ಹೇಳಿ ನಗಿಸುತ್ತಿದ್ದೆ.

ನಗಿಸುವುದೇ ನನ್ನ ರೋಗ. ಅದು ಕೆರಳಿದಾಗ ಎದುರಿಗಿದ್ದವರು ಯಾರು ಎಂದು ನೋಡುವುದಿಲ್ಲ.

ಅವ್ವನ ಹತ್ತಿರ ಬರುವ ಹೆಣ್ಣುಮಕ್ಕಳನ್ನು ನಾನು ಅಣಕಿಸಿ ತೋರಿಸುತ್ತಿದ್ದೆ. ಮೊದಲು ಬರೀ ಮಾತಿನಲ್ಲಿ. ಆಮೇಲೆ ಅಷ್ಟಕ್ಕೆ ತೃಪ್ತಿ ಸಾಲದಾಯಿತು. ಮಷಿನ್ ಮೇಲಿನ ಹಗ್ಗದಲ್ಲಿ ಗಿರಾಕಿಗಳ ಅಳತೆ ಬ್ಲೌಸುಗಳು ಸಾಲಾಗಿ ತೂಗುತ್ತಿರುತ್ತವೆ. ಅಳತೆಗೆಂದು ತಮ್ಮದೊಂದು ಹಳೆಯ ಬ್ಲೌಸನ್ನು ಅವರು ಕೊಟ್ಟು ಹೋಗಿರುತ್ತಾರೆ. ಅವ್ವ ಲೈನಿಂಗ್, ಹುಕ್ಕು ತರಲು ಬಜಾರಕ್ಕೆ ಹೋದ ಮಧ್ಯಾಹ್ನಗಳಲ್ಲಿ ನಾನು ಅಂಗಿಯ ಮೇಲೆ ಆಯಾ ಗಿರಾಕಿಯ ಬ್ಲೌಸು ತೊಟ್ಟು, ಹಾಸಿಗೆಯ ಚಾದರವನ್ನು ಸೆರಗು ಮಾಡಿಕೊಂಡು ಅವರಂತೆಯೇ ನಡೆದು, ಅವರಂತೆಯೇ ಮಾತಾಡುವುದು. ಗೆಳೆಯನೊಬ್ಬ ಫೋನು ಹಿಡಿದು ವಿಡಿಯೋ ಮಾಡುವುದು. ನಕ್ಕು ನಕ್ಕು ಅವನ ಕೈ ನಡುಗಿ, ಪ್ರತಿ ವಿಡಿಯೋದಲ್ಲೂ ಭೂಕಂಪ.

ಅದರಲ್ಲಿ ಎಲ್ಲಕ್ಕಿಂತ ಹೆಸರು ಮಾಡಿದ್ದು ಗೌಡಶಾನಿಯ ವಿಡಿಯೋ. ಆಕೆ ಯಲಬುರ್ಗಾ ಕಡೆಯ ಮಂಗಳೂರಿನ ಗೌಡರ ಹೆಂಡತಿ. ಸಮುದ್ರದ ಮಂಗಳೂರಲ್ಲ, ನಮ್ಮದು, ಎರೆಮಣ್ಣಿನದು. ಅಷ್ಟು ದೂರದಿಂದ ಅವ್ವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಂದಾಗಲೆಲ್ಲ ಒಂದೇ ಮಾತು:

"ಬಗಲಾಗ ಹಿಡಿತೈತಿ ನೋಡವಾ. ಬಲಗಡೆ ಒಂದಿಷ್ಟು ಸಡ್ಲ ಬಿಡು. ನಾ ಏನು ಕುಸ್ತಿ ಹಿಡಿಯಾಕಿ ಅಲ್ಲ, ಮ್ಯಾಲಿನ ಗೂಡಿನ್ಯಾಗಿನ ಡಬ್ಬಿ ಸಿಕ್ರ ಸಾಕು."

ಅವ್ವ "ಬಿಟ್ಟೀನ್ರಿ, ಹಿಡಿಯಂಗಿಲ್ಲ ಬಿಡ್ರಿ" ಎಂದಷ್ಟೇ ಹೇಳಿ ಗುರುತು ಹಾಕಿಕೊಳ್ಳುತ್ತಿದ್ದಳು. ನಾನು ಅದನ್ನು ಹಿಗ್ಗಿಸಿದೆ. ನನ್ನ ವಿಡಿಯೋದಲ್ಲಿ ಗೌಡಶಾನಿ ಎರಡೂ ಕೈ ಮೇಲೆತ್ತಿ ಹದ್ದಿನಂತೆ ಪಡಸಾಲೆಯ ತುಂಬ ಹಾರಾಡುತ್ತ, "ಬಗಲಾಗ ಹಿಡಿತೈತಿ ನೋಡವಾ! ಎಮ್ಮಿ ಕಟ್ಟುವಷ್ಟು ಜಾಗಾ ಬಿಡು! ಎಮ್ಮಿ, ಅದರ ಕರಾ, ಮ್ಯಾಲೊಂದು ಮೇವಿನ ಬಣಿವಿ!" ಎಂದು ಕೂಗುತ್ತಾಳೆ. ಇದನ್ನು ನೋಡಿ ಒಬ್ಬ ಗೆಳೆಯ ನೆಲಕ್ಕೆ ಬಿದ್ದು ಹೊರಳಿದ. ಇದು ಹಿಗ್ಗಿಸಿದ್ದಲ್ಲ. ಅವನ ಅಂಗಿಗೆ ಅವ್ವ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನ ಪುಡಿ ಹತ್ತಿತ್ತು.

ವಿಡಿಯೋ ಆದವು, ಇಡುವುದೆಲ್ಲಿ? ಮನೆಯಲ್ಲಿ ಉಳಿಯುವುದು ಒಂದೇ ಫೋನು, ಅದು ಅವ್ವನದು. ಕಂಪ್ಯೂಟರಿನಲ್ಲಿ ಇಟ್ಟರೆ ಒಂದಲ್ಲ ಒಂದು ದಿನ ಅವಳ ಬಾಣ ಅಲ್ಲಿಗೇ ಹೋಗುತ್ತದೆ. ಆಗ ನನ್ನ ತಲೆಗೆ ಬಂದದ್ದು, ಒಂದೇ ಕಂಪ್ಯೂಟರಿನಲ್ಲಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕುವ ವಿಚಾರ. ಅದೆಂದರೆ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ. ಹೊರಗಿನಿಂದ ನೋಡಿದರೆ ಅದೇ ಮನೆ, ಅದೇ ತಲಬಾಗಿಲು. ಒಳಗೆ ನಡುವೆ ಗೋಡೆ, ಬೇರೆ ಬೇರೆ ಒಲೆ. ಗುಂಡಿ ಒತ್ತಿದ ಕೂಡಲೇ ಕಪ್ಪು ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ, ಯಾರ ಪಾಲಿಗೆ ಹೋಗುತ್ತೀ ಎಂದು ಕೇಳುತ್ತದೆ. ನೀವು ಸುಮ್ಮನಿದ್ದರೆ ಐದು ಸೆಕೆಂಡು ಕಾದು, ಮೊದಲ ಹೆಸರಿನವರ ಪಾಲಿಗೆ ತಾನೇ ಕರೆದುಕೊಂಡು ಹೋಗುತ್ತದೆ.

ಆ ಮುದಿ ಯಂತ್ರ ಪಾಲಿಗೆ ಸುಲಭಕ್ಕೆ ಒಪ್ಪಲಿಲ್ಲ. ಪೆನ್ ಡ್ರೈವ್ ಚುಚ್ಚಿದರೆ ಗುರುತೇ ಇಲ್ಲದವರಂತೆ ಕುಳಿತಿತು. ಡಿವಿಡಿಗೆ ತುಂಬಿ ಒಳಗೆ ತಳ್ಳಿದೆ, ಮೊದಲನೆಯದನ್ನು ತಿಂದು ಉಗುಳಲೇ ಇಲ್ಲ, ಹೊಲಿಗೆ ಸೂಜಿಯಿಂದ ಮೀಟಿ ತೆಗೆಯಬೇಕಾಯಿತು. ಕೊನೆಗೆ ಒಂದು ಭಾನುವಾರ, ಅವ್ವ ಹುಲಿಗೆಮ್ಮನ ಗುಡಿಗೆಂದು ಹುಲಿಗಿಗೆ ಹೋಗಿ ಬರುವಷ್ಟರಲ್ಲಿ, ಡಿಸ್ಕಿನಲ್ಲಿದ್ದ ಅವ್ವನ ಜಾಗ ಅರ್ಧಕ್ಕಿಂತ ಕಡಿಮೆಯಾಗಿತ್ತು. ಅವಳದು ಹಳೆಯ ವಿಂಡೋಸ್, ಫೋಟೋಗಳ ಸಮೇತ ಹಾಗೇ ಉಳಿಯಿತು. ಪಕ್ಕದಲ್ಲಿ ನನ್ನ ಲಿನಕ್ಸ್. ಅದರಾಚೆ ಫೋನಿನಲ್ಲಿರುವಂಥ ಆಂಡ್ರಾಯ್ಡ್, ಅದು ಯಾಕೆಂದರೆ ಎರಡು ಎನ್ನುವುದಕ್ಕಿಂತ ಮೂರು ಎಂದರೆ ಕೇಳುವವರ ಬಾಯಿ ಹೆಚ್ಚು ತೆರೆಯುತ್ತದೆ. ಕಾಲೇಜಿನಲ್ಲಿ ನಾನು ಏಳು ಎಂದು ಹೇಳಿದೆ. ಅವರು ತಮ್ಮ ಲೆಕ್ಕದಂತೆ ಕಳೆದು ಸರಿಯಾದ ಉತ್ತರಕ್ಕೆ ಹತ್ತಿರವೇ ಬಂದರು.

ಇನ್ನು ನನ್ನ ಜಾಣತನ ನೋಡಿ. ಅಕಸ್ಮಾತ್ ಅವ್ವ ನನ್ನ ಪಾಲಿಗೆ ಕಾಲಿಟ್ಟರೂ ಗೊತ್ತಾಗಬಾರದೆಂದು ಅಲ್ಲಿಯೂ ಅದೇ ಹುಲಿಗೆಮ್ಮನ ಚಿತ್ರ ಹಾಕಿದೆ. ಕೆಂಪು ಟಿಕಳಿಯ ಕೆಳಗೆ ಸರಿಯಾಗಿ ನನ್ನ ವಿಡಿಯೋಗಳ ಫೋಲ್ಡರ್ ಕೂರಿಸಿ ಅದಕ್ಕೂ 'ಡಿಸೈನ್' ಎಂದೇ ಹೆಸರಿಟ್ಟೆ. ಹಣಕಿ ನೋಡಿದವರಿಗೆ ಬ್ಲೌಸುಗಳೇ ಕಾಣುತ್ತವಲ್ಲ! ಮುಚ್ಚುವ ಗುಂಡಿಯನ್ನು ಮಾತ್ರ ಸ್ಟೈಲಿಗೆಂದು ಎಡಮೂಲೆಗೆ ಸರಿಸಿದ್ದೆ. ಪಟ್ಟಿಯಲ್ಲಿ ಮೊದಲ ಹೆಸರು ಅವ್ವನದೇ ಇತ್ತು. ಕಪ್ಪು ಪರದೆ ಬಂದು ಹೋಗುವಾಗ ಅವಳು ಚಹಾದ ಪಾತ್ರೆಯ ಮುಂದೆ ಇರುತ್ತಿದ್ದಳು. ಎರಡು ತಿಂಗಳು ಏನೂ ಗೊತ್ತಾಗಲಿಲ್ಲ.

ಆ ದಿನದ ಹಿಂದಿನ ಸಂಜೆ ಕುಷ್ಟಗಿಯಿಂದ ಬಂದ ಗೆಳೆಯನೊಬ್ಬನಿಗೆ ನನ್ನ ಕೈಚಳಕ ತೋರಿಸುತ್ತಿದ್ದೆ. ಅವನು ಪಟ್ಟಿ ನೋಡಿ, "ಏಳು ಅಂದಿದ್ದಿ, ಮೂರ ಅದಾವಲ್ಲೋ! ಅದರಾಗೂ ನಿಂದು ಎರಡನೇ ನಂಬರ್? ನಿಮ್ಮವ್ವಂದ ಮುಂದ?" ಎಂದ.

"ಹೆಣ್ಮಕ್ಕಳಿಗೆ ಮರ್ಯಾದಿ ಕೊಡ್ಬೇಕೋ" ಎಂದೆ.

"ಬದಲ್ ಮಾಡಾಕ ಬರೂದಿಲ್ಲ ಅನ್ನು ಮಗನ."

ಎರಡು ನಿಮಿಷದಲ್ಲಿ ಬದಲು ಮಾಡಿದೆ. ನನ್ನ ಹೆಸರು ಮೇಲೆ, ಅವ್ವನದು ಕೆಳಗೆ. ಅವನು ಹೌದಪ್ಪ ಹೌದು ಎಂದ. ನಾನು ಬೀಗಿದೆ. ತಿರುಗಿ ಮೊದಲಿನಂತೆ ಮಾಡುವುದನ್ನು ಮರೆತೆ.

ಮರುದಿನ ಗೌಡಶಾನಿ ಬಂದರು, ಮಗಳ ಜೊತೆ. ಮಗಳ ಮದುವೆ ಗೊತ್ತಾಗಿತ್ತು. ಬೀಗರ ಕಡೆಯವರಿಗೂ ಸೇರಿ ಎಲ್ಲ ಬ್ಲೌಸುಗಳನ್ನೂ ಅವ್ವನ ಕೈಯಲ್ಲೇ ಹೊಲಿಸುವುದೆಂದು ದೊಡ್ಡ ಗಂಟನ್ನೇ ತಂದಿದ್ದರು. ಅವ್ವ ಹಿಂದೆಂದೂ ಒಂದು ಪೂರ್ತಿ ಮದುವೆಯ ಕೆಲಸ ಹಿಡಿದವಳಲ್ಲ. ಬೆಳಿಗ್ಗೆಯಿಂದಲೇ ಪಡಸಾಲೆ ಗುಡಿಸಿ, ಮಷಿನ್‌ಗೆ ಎಣ್ಣೆ ಬಿಟ್ಟು, ಒಳ್ಳೆಯ ಸೀರೆ ಉಟ್ಟು ಕಾದಿದ್ದಳು. "ಇದೊಂದು ಛಲೋ ಆತಂದ್ರ ಮಂಗಳೂರು, ಇಟಗಿ, ಕುಕನೂರು ಎಲ್ಲಾ ಕಡೆ ನನ್ನ ಹೆಸರು ನಡೀತೈತಿ" ಎಂದು ನನ್ನ ಮುಂದೆ ಎರಡು ಸಲ ಹೇಳಿದ್ದಳು. ನಾನು ಅಡಿಗೆ ಮನೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಂಡು ಕುಳಿತಿದ್ದೆ.

ಗಿರಣಿ ಎದ್ದ ಸದ್ದು ಕೇಳಿತು. ಅವ್ವ ಒಳಬಂದು ಚಹಾ ಸೋಸಿಕೊಂಡು ಹೋದಳು. ಚಹಾದ ಕಪ್ಪು-ಬಶಿ ಇಟ್ಟ ಸದ್ದು. ಆಮೇಲೆ ಟಕಟಕ.

"ಇದರಾಗ ಎಲ್ಲಾ ಅದಾವ ನೋಡ್ರಿ, ಯಾವ್ದು ಬೇಕು ಆರಿಸ್ರಿ" ಎಂದಳು ಅವ್ವ.

"ಅಯ್ಯ, ಇದು ನನ್ನ ಜಂಪರಲ್ಲೇನವಾ? ಮೆಂತೇದ ಬಣ್ಣದ್ದು?" ಗೌಡಶಾನಿಯ ದನಿ. "ತಗಿ ಅದನ್ನ, ನೋಡೂಣು."

ಆ ಕ್ಷಣದಲ್ಲೂ ನನಗೆ ಹೊಳೆಯಲಿಲ್ಲ. ಎರಡನೇ ರೊಟ್ಟಿ ಮುರಿದು ಬಾಯಿಗೆ ಇಟ್ಟೆ. ಆಗ ಪಡಸಾಲೆಯಿಂದ ನನ್ನ ದನಿ ಬಂತು.

"ಬಗಲಾಗ ಹಿಡಿತೈತಿ ನೋಡವಾ!"

ನಾನು ಇಲ್ಲಿದ್ದೇನೆ, ಬಾಯಲ್ಲಿ ರೊಟ್ಟಿಯಿದೆ, ಅಲ್ಲಿ ಮಾತಾಡುತ್ತಿರುವವರು ಯಾರು ಎಂದು ಒಂದು ಕ್ಷಣ ನಿಜಕ್ಕೂ ಯೋಚಿಸಿದೆ. ಅಷ್ಟರಲ್ಲಿ ಎಮ್ಮೆ ಬಂತು, ಕರು ಬಂತು, ಬಣವೆ ಬಂತು. ಮಗಳು ಫಕ್ಕನೆ ನಕ್ಕಳು. ನಕ್ಕು ತಾನೇ ಬಾಯಿ ಮುಚ್ಚಿಕೊಂಡದ್ದು ಕೇಳಿತು. ಆಮೇಲೆ ಯಾರದೂ ಸದ್ದಿಲ್ಲ, ನನ್ನದೊಂದೇ.

ಬಾಗಿಲ ಸಂದಿಯಿಂದ ನೋಡಿದೆ. ಅವ್ವ ಹಸಿರು ಟಿಕಳಿಯ ಕೆಳಗೆ ಬಾಣ ಒಯ್ದು ಒತ್ತುತ್ತಿದ್ದಳು. ಒತ್ತುತ್ತಿದ್ದಳು, ಒತ್ತುತ್ತಿದ್ದಳು. ಮುಚ್ಚುವ ಗುಂಡಿ ಅಲ್ಲಿ ಇರಲಿಲ್ಲ, ಸ್ಟೈಲಿಗೆಂದು ನಾನು ಎಡಕ್ಕೆ ಒಯ್ದಿದ್ದೆನಲ್ಲ. ಮುದಿ ಯಂತ್ರಕ್ಕೆ ಅಷ್ಟು ಒತ್ತು ತಡೆಯದೆ ವಿಡಿಯೋ ಸಿಕ್ಕಿಬಿದ್ದಿತು. "ಹಿಡಿತೈತಿ... ಹಿಡಿತೈತಿ... ಹಿಡಿತೈತಿ..." ಪರದೆಯ ಮೇಲೆ ನಾನು ಕೈ ಮೇಲೆತ್ತಿ ಹದ್ದಾಗಿ ನಿಂತುಬಿಟ್ಟಿದ್ದೆ, ಗೌಡಶಾನಿಯದೇ ಬ್ಲೌಸಿನಲ್ಲಿ, ಗೌಡಶಾನಿಯ ಮುಂದೆ. ಕೊನೆಗೆ ಅವ್ವ ಬಗ್ಗಿ ಗೋಡೆಯ ಪಿನ್ನನ್ನೇ ಕಿತ್ತಳು.

"ನನ್ನ ಮಗಾ ರೀ ಅಂವಾ" ಎಂದಳು. "ತಪ್ಪಾತ್ರಿ."

ಗೌಡಶಾನಿ ಚಹಾದ ಬಶಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅವ್ವನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಮನ್ಯಾಗ ಎಲ್ಲಾ ಹೇಳೀಯೇನವಾ?"

"ಹುಲಿಗೆವ್ವನಾಣಿ ಇಲ್ರಿ."

"ಮತ್ತ ಆ ಹುಡುಗಗ ಹ್ಯಾಂಗ ಗೊತ್ತಾತು?"

ಅವ್ವ ಮದುವೆಯ ಹುಡುಗಿಯ ಕಡೆ ನೋಡಿ ತಲೆಯನ್ನಷ್ಟೇ ಅಲ್ಲಾಡಿಸಿದಳು. ಅವರು ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಗೌಡಶಾನಿ ಗಂಟನ್ನು ಬಗಲಿಗೆ ತೆಗೆದುಕೊಂಡರು. ಎಡ ಬಗಲಿಗೆ. ಚಹಾ ಹಾಗೇ ಇತ್ತು.

ಆಗ ನಾನು ಹೊರಗೆ ಬರಬೇಕಿತ್ತು. ಬಂದು, ಕಾಲು ಮುಟ್ಟಿ, ಅವ್ವನದೇನೂ ತಪ್ಪಿಲ್ಲ ಎನ್ನಬೇಕಿತ್ತು. ನಾನು ಹಿತ್ತಲ ಬಾಗಿಲಿನಿಂದ ಹಾರಿ ಹೋದೆ. ಕೈಯಲ್ಲಿ ರೊಟ್ಟಿ ಇತ್ತು. ಓಡುತ್ತ ಅದನ್ನು ತಿಂದು ಮುಗಿಸಿದೆನೆಂಬುದನ್ನು ನೆನೆದಾಗ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಹಸಿವಿನಿಂದಲ್ಲ. ಆ ರೊಟ್ಟಿ ಕೈಯಲ್ಲಿದ್ದರೆ ಯಾರಾದರೂ ಯಾಕೆ ಓಡುತ್ತೀ ಎಂದು ಕೇಳಿಬಿಡುತ್ತಾರೆ ಎನ್ನಿಸಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. ಏಟು ಬೀಳುವುದು ಖಂಡಿತ ಎಂದು ಗೆಳೆಯನ ಮನೆಯಿಂದ ಇನ್ನೊಂದು ಅಂಗಿ ಇಸಿದುಕೊಂಡು ಮೇಲೆ ತೊಟ್ಟಿದ್ದೆ. ಅವ್ವ ಹೊಡೆಯಲಿಲ್ಲ. ಟೇಪು ಅವಳ ಕೊರಳಲ್ಲಿ ಇರಲಿಲ್ಲ. ಮಷಿನ್ ಮೇಲೆ ಸುರುಳಿ ಸುತ್ತಿ ಇಟ್ಟಿದ್ದಳು. ಕೊರಳು ಎಷ್ಟು ಬರಿದಾಗಿ ಕಂಡಿತೆಂದರೆ ನಾನು ನೋಡಲಾರದೆ ಹೋದೆ.

"ಎಷ್ಟು ಮಂದೀದು ಮಾಡಿ?" ಎಂದಳು.

"ಮೂರು."

ಒಂಬತ್ತು ಇದ್ದವು. ಜನ್ಮದಲ್ಲಿ ಮೊದಲ ಸಲ ನಾನು ಒಂದು ಸಂಖ್ಯೆಯನ್ನು ಕುಗ್ಗಿಸಿ ಹೇಳಿದ್ದು ಅಂದೇ.

"ತೋರಸು."

ಹಚ್ಚಿದೆ. ಫೋಲ್ಡರ್ ತೆಗೆದ ಮೇಲೆ ಒಂಬತ್ತೂ ಕಂಡವು. ಅವಳು ಸುಳ್ಳು ಹೇಳಿದೆಯೆಂದು ಬೈಯಲಿಲ್ಲ. ಚಾಳೀಸು ಹಾಕಿಕೊಂಡು ಒಂಬತ್ತನ್ನೂ ಕೊನೆಯವರೆಗೆ ನೋಡಿದಳು. ಪ್ರತಿಯೊಂದು ಮುಗಿದಾಗ ಎದ್ದು ಹೋಗಿ, ಹಗ್ಗದಿಂದ ಆ ಬ್ಲೌಸನ್ನು ತೆಗೆದು, ಮಡಚಿ, ಟ್ರಂಕಿನಲ್ಲಿ ಇಟ್ಟು ಬಂದಳು. ನಾನು ಇಷ್ಟೊಂದು ನಗಿಸುವ ಹುಡುಗ, ಅಂದು ನನ್ನ ವಿಡಿಯೋ ನೋಡಿ ನನಗೇ ಒಮ್ಮೆಯೂ ನಗು ಬರಲಿಲ್ಲ. ಒಂದರಲ್ಲಂತೂ ನಾನು ಕುಣಿಯುವಾಗ ಹಿಂದೆ ಅವ್ವನ ಮಷಿನ್ ಕಾಣುತ್ತಿತ್ತು, ಅದರ ಮೇಲೆ ಅರ್ಧ ಹೊಲಿದಿಟ್ಟ ತೋಳು.

"ಎಲ್ಲಾ ತಗದು ಹಾಕ್ತೀನಿ ಅವ್ವಾ. ನನ್ನ ಸಿಸ್ಟಮ್ಮ ತಗದು ಹಾಕ್ತೀನಿ. ನಿಂದು ಒಂದ ಉಳಿತೈತಿ."

"ನಂದು ಒಂದ ಐತಿ ಅಂತನ ತಿಳಕೊಂಡಿದ್ದೆ ನಾನು" ಎಂದಳು.

ಆಮೇಲೆ ಉಗುರಿನಿಂದ ಕೆಂಪು ಟಿಕಳಿ ಕೆರೆದು ತೆಗೆದಳು. ಹಸಿರನ್ನೂ ತೆಗೆದಳು. ಗಾಜಿನ ಮೇಲೆ ಎರಡು ಅಂಟಿನ ಕಲೆ ಉಳಿದವು.

ಗೌಡಶಾನಿಯ ಅಳತೆ ಬ್ಲೌಸು ನಮ್ಮಲ್ಲೇ ಇತ್ತು. ಮುಂದಿನ ಭಾನುವಾರ ಅವ್ವ ಅದನ್ನು ಒಗೆದು, ಇಸ್ತ್ರಿ ಮಾಡಿ, ಹಾಳೆಯಲ್ಲಿ ಸುತ್ತಿ, ಮೇಲೊಂದು ಹೊಸ ಖಣ ಇಟ್ಟು ನನ್ನ ಕೈಗೆ ಕೊಟ್ಟಳು. "ನೀನ ಒಯ್ದು ಕೊಟ್ಟು ಬಾ. ನಾ ಬರೂದಿಲ್ಲ. ಏನಂತಾರ ಅನಿಸಿಕೊಂಡು ಬಾ."

ಕುಕನೂರಿನಲ್ಲಿ ಬಸ್ಸು ಬದಲಿಸಿ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿದೆ, ಅದರಲ್ಲಿ ಎರಡು ಕಡೆ ನಗೆ ಬರುವಂತೆಯೂ ಇತ್ತು. ಗೌಡರ ಮನೆಯ ಅಂಗಳದಲ್ಲಿ ಐದಾರು ಹೆಣ್ಣುಮಕ್ಕಳು ಮದುವೆಗೆಂದು ಜೋಳ ಹಸನು ಮಾಡುತ್ತಿದ್ದರು. ಗೌಡಶಾನಿ ನನ್ನನ್ನು ಕಂಡವರೇ ಮೊರ ಕೆಳಗಿಟ್ಟರು.

"ಬರ್ರೀ ಗೌಡಶಾನಿಯವರ, ಬರ್ರಿ" ಎಂದರು. "ನಾನ ನಮ್ಮನೀಗೆ ಬಂದಂಗಾತಲ್ಲ!"

ಹೆಣ್ಣುಮಕ್ಕಳೆಲ್ಲ ತಲೆ ಎತ್ತಿದರು. "ಯಾರವಾ ಇಂವಾ?" ಎಂದಳು ಒಬ್ಬಳು ಮುದುಕಿ.

"ಭಾಳ ದೊಡ್ಡ ಕಲಾವಿದ ಅದಾನಬೇ. ನನ್ನಂಗ ಮಾಡ್ತಾನ." ನನ್ನ ಕಡೆ ತಿರುಗಿ, "ಮಾಡಪಾ, ಇವ್ರೂ ನೋಡ್ಲಿ. ಎಮ್ಮಿ ಅಲ್ಲೇ ಕಟ್ಟೈತಿ, ಬೇಕಾದ್ರ ಬಿಚ್ಚಿಸ್ತೀನಿ."

ಎಲ್ಲರೂ ನಕ್ಕರು. ಇಷ್ಟು ಜನ ಎದುರಿಗಿದ್ದು, ಮಾಡು ಎಂದು ಬಾಯಿ ಬಿಟ್ಟು ಕೇಳಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ನನ್ನ ಕೈ ಏಳಲಿಲ್ಲ. ಜೋಡಿಸಿಕೊಂಡು ಬಂದ ಮಾತೆಲ್ಲ ಕುಕನೂರಿನ ಬಸ್ಸಿನಲ್ಲೇ ಉಳಿದಿತ್ತು. ಹಾಳೆಯ ಗಂಟನ್ನು ಮುಂದೆ ಚಾಚಿದೆ. ಕಣ್ಣಲ್ಲಿ ನೀರು ಬಂತು, ಅದೂ ಮೂಗಿನಿಂದ ಮೊದಲು ಬಂತು, ಅಳುವುದರಲ್ಲೂ ಒಂದು ಚಂದ ಇಲ್ಲ ನನಗೆ.

ಗೌಡಶಾನಿ ನನ್ನನ್ನು ಒಳಗಿನ ಪಡಸಾಲೆಗೆ ಕರೆದರು. ಕಂಬದ ಹತ್ತಿರ ಕುಳಿತು ಬ್ಲೌಸನ್ನು ಬಿಚ್ಚಿ ನೋಡಿದರು.

"ನನಗ ಬಗಲಾಗ ಹಿಡಿತೈತಿ ಯಾಕಂತ ಗೊತ್ತೈತೇನು?"

"ಇಲ್ರೀ ಅವ್ವಾರ."

"ಗಂಟಾಗಿತ್ತು. ಹುಬ್ಬಳ್ಳ್ಯಾಗ ತಗಿಸೀವಿ. ಹೊಲಿಗಿ ಹಾಕಿದ್ದ ಜಾಗಾ ಇನ್ನೂ ಜಗ್ಗತೈತಿ. ಗೌಡರಿಗೆ ಗೊತ್ತು, ನಿಮ್ಮವ್ವಗ ಗೊತ್ತು. ನನ್ನ ಮಗಳಿಗೂ ಹೇಳಿಲ್ಲ. ಬೀಗರ ಕಿವಿಗೆ ಬಿತ್ತಂದ್ರ, ತಾಯಿಗೆ ಬಂದೈತಿ, ಮಗಳಿಗೂ ಬರತೈತಿ ಅಂತಾರ. ಲಗ್ನ ಮುರೀತೈತಿ." ಬ್ಲೌಸನ್ನು ಮಡಚುತ್ತ ಕೇಳಿದರು, "ಖರೇ ಹೇಳು. ನಿಮ್ಮವ್ವ ಹೇಳ್ಯಾಳೇನು ನಿನಗ? ನಗಾಕಂತ ಅಲ್ಲ, ಬ್ಯಾಸರಕ್ಕರ?"

"ಹೇಳಿಲ್ರಿ."

"ಆವತ್ತ, ನಾ ಎದ್ದು ಬಂದ ಮ್ಯಾಲೆ? ಸಿಟ್ಟಿನ್ಯಾಗರ?"

ನಾನು ನೆನಪು ಮಾಡಿಕೊಂಡೆ. ಆ ಸಂಜೆ ಅವ್ವ ಇದೊಂದು ಮಾತು ಹೇಳಿದ್ದರೆ ಸಾಕಿತ್ತು, ನಾನು ಅಲ್ಲೇ ಮಣ್ಣಾಗುತ್ತಿದ್ದೆ. ಹೊಡೆಯುವುದಕ್ಕಿಂತ ದೊಡ್ಡ ಏಟು ಅವಳ ಕೈಯಲ್ಲಿತ್ತು. ಅವಳು ಅದನ್ನೂ ಮಡಚಿ ಟ್ರಂಕಿನಲ್ಲಿ ಇಟ್ಟಿದ್ದಳು.

"ಆಗೂ ಹೇಳಿಲ್ರಿ. ಬಸ್ ಹತ್ತೂ ತನಕಾನೂ ಹೇಳಿಲ್ರಿ. ನನಗ ಈಗ ನೀವ ಹೇಳಿದ್ರಿ. ನಾ ನೋಡಿದ್ದು ನಿಮ್ಮ ಮಾತು ಒಂದ ರೀ. ಉಳಿದಿದ್ದೆಲ್ಲಾ ನನ್ನ ಹಲಕಟ್ತನ ರೀ."

ಅವರು ನನ್ನ ಮುಖ ನೋಡಿದರು. ಅರ್ಧ ಕಳೆದು ನೋಡುತ್ತಿದ್ದಾರೇನೋ ಎಂದು ನನಗೆ ಭಯವಾಯಿತು. ಆಮೇಲೆ ಎದ್ದು ಒಳಗೆ ಹೋಗಿ, ಅಂದು ಎತ್ತಿಕೊಂಡು ಹೋಗಿದ್ದ ಗಂಟನ್ನೇ ತಂದು ನನ್ನ ಮುಂದೆ ಇಟ್ಟರು. ಅಳತೆ ಬ್ಲೌಸನ್ನು ಅದರ ಒಳಗೇ ತುರುಕಿದರು. ಖಣವನ್ನು ಮಾತ್ರ ಇಟ್ಟುಕೊಂಡರು.

"ಒಯ್ಯಿ. ನಾ ಮೊದಲನ ಹೊಲಸಾಕ ಕೊಡಬೇಕಾಗಿತ್ತು, ಆಕೀನ ತಪ್ಪು ತಿಳಕೊಂಡೆ ಅಂತ ಹೇಳು. ಗಂಟು ಬಿಚ್ಚಬ್ಯಾಡ ಮತ್ತ ದಾರ್ಯಾಗ. ಬಸ್ಸಿನ್ಯಾಗ ಹಾಕ್ಕೊಂಡು ಕುಣದೀ!"

ಇಷ್ಟನ್ನು ಬರೆಯಲು ನಾನು ಅವರನ್ನು ಕೇಳಿದ್ದೇನೆ. ಮಗಳ ಮದುವೆಯಾಗಿ ಮೊಮ್ಮಗ ಹುಟ್ಟಿದ ಮೇಲೆ "ಬರಕೋ ಹೋಗು" ಎಂದರು. ಆದರೂ ಹೇಳಿಬಿಡುತ್ತೇನೆ: ಅವರ ಊರು ಮಂಗಳೂರಲ್ಲ. ನೋವು ಇದ್ದದ್ದು ಬಗಲಲ್ಲಿ ಅಲ್ಲ, ಕಾಯಿಲೆಯೂ ಅದಲ್ಲ. ಗೌಡಶಾನಿ ಎಂಬುದೂ ಬದಲಿಸಿದ್ದೇ. ನಗಿಸುವುದಕ್ಕೋ ತಪ್ಪಿಸಿಕೊಳ್ಳುವುದಕ್ಕೋ ಅಲ್ಲದೆ ನಾನು ಏನನ್ನಾದರೂ ಬದಲಿಸಿ ಹೇಳಿದ್ದು ಇದೇ ಮೊದಲು.

ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೊಪ್ಪಳಕ್ಕೆ ಬಂದೆ. ಅವ್ವ ಗಂಟನ್ನು ನೋಡಿದಳು. ಗೌಡಶಾನಿ ಹೇಳಿಕಳಿಸಿದ್ದನ್ನು ಒಪ್ಪಿಸಿದೆ. ಅವಳು ಮಷಿನ್ ಮೇಲಿದ್ದ ಟೇಪನ್ನು ತೆಗೆದು ಕೊರಳಿಗೆ ಹಾಕಿಕೊಂಡಳು.

ಆ ರಾಶಿ ಕೆಲಸ ಮುಗಿಯುವ ಮೊದಲೇ ನಾನು ಕಂಪ್ಯೂಟರಿನಿಂದ ನನ್ನ ಲಿನಕ್ಸನ್ನೂ, ಬಾಯಿ ತೆರೆಸುವುದಕ್ಕೆಂದು ಹಾಕಿದ್ದ ಮೂರನೆಯದನ್ನೂ ಅಳಿಸಿ ಗೋಡೆ ಒಡೆದು, ಇಡೀ ಮನೆಯನ್ನು ಮತ್ತೆ ಅವ್ವನ ಹೆಸರಿಗೆ ಮಾಡಿದೆ. ಬಜಾರದಿಂದ ಹೊಸ ಟಿಕಳಿಯ ಪಾಕೀಟೊಂದನ್ನು ತಂದು ಕೊಟ್ಟೆ. ಅವಳು ಒಂದನ್ನು ಹಣೆಗೆ ಹಚ್ಚಿಕೊಂಡಳು, ಉಳಿದದ್ದನ್ನು ಕನ್ನಡಿಯ ಹಿಂದೆ ಇಟ್ಟಳು.

"ಕಂಪ್ಯೂಟರಿಗಿ ಬ್ಯಾಡ. ನನ್ನ ಕೈ ಅದಕ್ಕ ಹೋಗವಲ್ದು. ಮಂದಿ ಬಂದಾಗ ನೀನ ಕುಂತು ತೋರಸು" ಎಂದಳು.

ಈಗ ಗಿರಾಕಿ ಬಂದರೆ ನಾನೇ ಕುಳಿತು ಡಿಸೈನ್ ತೋರಿಸುತ್ತೇನೆ, ಮುಖ ಪರದೆಯ ಕಡೆ, ಬೆನ್ನು ಅವರ ಕಡೆ. ಎರಡು ಅಂಟಿನ ಕಲೆಗಳು ಇನ್ನೂ ಇವೆ. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗಿಲ್ಲ. ಸುದ್ದಿ ಹೇಗೋ ಹಬ್ಬಿದೆ. ಕಾಲೇಜಿನಲ್ಲಿ ನನ್ನನ್ನು 'ಗೌಡಶಾನಿ' ಎಂದೇ ಕರೆಯುತ್ತಾರೆ. ಬರುವ ಹೆಣ್ಣುಮಕ್ಕಳಲ್ಲಿ ಕೆಲವರು ಸೆರಗಿನಲ್ಲಿ ನಗುತ್ತಾರೆ, ಒಬ್ಬಿಬ್ಬರು ನಾನಿದ್ದರೆ ಬಾಯೇ ತೆರೆಯುವುದಿಲ್ಲ.

ಡಿಸೈನ್ ಆರಿಸುವುದು ಮುಗಿದು ಅವ್ವ ಕೊರಳಿನಿಂದ ಟೇಪು ತೆಗೆಯುವ ಸದ್ದಾದ ಕೂಡಲೇ, ಯಾರೂ ಹೇಳದೆ, ನಾನು ಎದ್ದು ಹೊರಗೆ ಹೋಗಿ ಓಣಿಯ ಕಟ್ಟೆಯ ಮೇಲೆ ಕೂರುತ್ತೇನೆ. ಮೊನ್ನೆ ಬಿಸಿಲಲ್ಲಿ ಹಾಗೆ ಕುಳಿತಿದ್ದಾಗ ಅದೇ ಕುಷ್ಟಗಿಯ ಗೆಳೆಯ ಬಂದ.

"ಯಾಕಲೇ ಬಿಸಲಾಗ ಕುಂತಿ? ಒಳಗ ಏನ್ ನಡದೈತಿ?" ಎಂದು ಬಾಗಿಲ ಕಡೆ ಹಣಕಿದ. ಕಥೆ ಬೇಕಾಗಿತ್ತು ಅವನಿಗೆ.

"ಅವ್ವ ಅಳತಿ ತಗೊಳ್ಳಾಕತ್ತಾಳ" ಎಂದೆ.

ಅವನು ಇನ್ನೂ ಏನೋ ಬರುತ್ತದೆಂದು ಕಾದ. ನಾನು ಸರಿದು, ಪಕ್ಕದಲ್ಲಿ ಅವನಿಗೂ ಕೂರಲು ಜಾಗ ಮಾಡಿದೆ, ಬಾಗಿಲಿಗೆ ಬೆನ್ನಾಗುವ ಹಾಗೆ.